ಪದ ಪರಿಚಯ: ಶುಗರ್ ಇರೋರ ರಿಪೋರ್ಟಲ್ಲಿ ‘ಒಳ್ಳೆ ಕೊಲೆಸ್ಟ್ರಾಲ್’ ಅಂದ್ರೇನು, ಸ್ಟ್ಯಾಟಿನ್ ತಗೊಂಡ್ರೆ ಅದು ಏರುತ್ತಾ?

ಲಿಪಿಡ್ ಪ್ರೊಫೈಲ್ ಅಂದ್ರೆ ರಕ್ತದ ಕೊಬ್ಬಿನ ಟೆಸ್ಟ್, ಅದರ ರಿಪೋರ್ಟಲ್ಲಿ ಎಚ್‌ಡಿಎಲ್ ಅಂತ ಒಂದು ಸಾಲಿರುತ್ತಲ್ಲ, ಅದನ್ನೇ ಎಲ್ಲರೂ ಒಳ್ಳೆ ಕೊಲೆಸ್ಟ್ರಾಲ್ ಅನ್ನೋದು. ಗಂಡಸರಿಗೆ 40ಕ್ಕಿಂತ ಮೇಲೆ, ಹೆಂಗಸರಿಗೆ 50ಕ್ಕಿಂತ ಮೇಲೆ ಇರ್ಬೇಕು ಅಂತಾರೆ. ಆದ್ರೆ ಕೊಲೆಸ್ಟ್ರಾಲಲ್ಲಿ ಒಳ್ಳೇದು ಕೆಟ್ಟದು ಅಂತ ಎರಡು ಜಾತಿ ಇಲ್ಲ, ಪದಾರ್ಥ ಒಂದೇ. ಅದು ಜಿಡ್ಡು, ರಕ್ತದಲ್ಲಿ ಕರಗಲ್ಲ, ಅದಕ್ಕೇ ಪ್ರೋಟೀನ್ ಸುತ್ಕೊಂಡಿರೋ ಸಣ್ಣ ಸಣ್ಣ ಉಂಡೆಗಳ ಒಳಗೆ ಕೂತು ಮೈಯೆಲ್ಲಾ ಓಡಾಡುತ್ತೆ. ಎಲ್‌ಡಿಎಲ್ ಅನ್ನೋ ಉಂಡೆ ಜಾಸ್ತಿ ಆದ್ರೆ ರಕ್ತನಾಳದ ಗೋಡೆಗೆ ನುಗ್ಗಿ ಅಲ್ಲೇ ಕೂರುತ್ತೆ, ಎಚ್‌ಡಿಎಲ್ ಅನ್ನೋ ಉಂಡೆ ಅಲ್ಲಿ ಕೂತಿರೋದನ್ನ ಎತ್ಕೊಂಡು ವಾಪಸ್ ಲಿವರಿಗೆ ಒಯ್ಯುತ್ತೆ. ಹಾಗಾಗಿ ‘ಒಳ್ಳೆ’ ಅನ್ನೋ ಹೆಸರು ಸಿಕ್ಕಿರೋದು ಆ ಕೆಲಸಕ್ಕೆ.

ಟೈಪ್ 2 ಶುಗರ್ ಇರೋರಿಗೆ ಈ ಎಚ್‌ಡಿಎಲ್ ಕಮ್ಮಿ ಇರೋದು ತುಂಬಾ ಕಾಮನ್. ಇನ್ಸುಲಿನ್ ಮಾತು ಮೈ ಸರಿಯಾಗಿ ಕೇಳದೇ ಇದ್ದಾಗ ಹೊಟ್ಟೆ ಸುತ್ತಿನ ಬೊಜ್ಜಿಂದ ಕೊಬ್ಬು ಲಿವರಿಗೆ ಹರಿದು ಬರ್ತಾನೇ ಇರುತ್ತೆ, ಲಿವರ್ ಅದನ್ನ ಟ್ರೈಗ್ಲಿಸರೈಡ್ ಅನ್ನೋ ಇನ್ನೊಂದು ಥರದ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತೆ, ಆ ಟ್ರೈಗ್ಲಿಸರೈಡ್ ಹೋಗಿ ಎಚ್‌ಡಿಎಲ್ ಒಳಗೆ ಸೇರ್ಕೊಂಡು ಅದರಲ್ಲಿದ್ದ ಕೊಲೆಸ್ಟ್ರಾಲನ್ನ ಆಚೆ ಕಳಿಸುತ್ತೆ, ಕೊನೆಗೆ ಆ ಉಂಡೆ ಚಿಕ್ಕದಾಗಿ ಬೇಗ ಒಡೆದು ಹೋಗುತ್ತೆ. ಅದಕ್ಕೇ ಇವರ ರಿಪೋರ್ಟಲ್ಲಿ ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ.

ಇದನ್ನೆಲ್ಲ ಬರೀಲೇಬೇಕು ಅನ್ಸಿದ್ದು, ಸ್ಟ್ಯಾಟಿನ್ ಅನ್ನೋ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ ತಗೊಳ್ತಿರೋ ನಮ್ಮ ಸೋದರಮಾವ ಫೋನ್ ಮಾಡಿದಾಗ. ‘ಆರು ತಿಂಗಳಿಂದ ಮಾತ್ರೆ ನುಂಗ್ತಿದೀನಿ ಕಣೋ, ಒಳ್ಳೇದು 36 ಇದ್ದಿದ್ದು 38 ಆಗಿದೆ ಅಷ್ಟೇ, ಕೆಲಸ ಮಾಡ್ತಿಲ್ಲ ಇದು, ಬಿಟ್ಬಿಡ್ತೀನಿ’ ಅಂದ್ರು. ಮಾವ, ಎಲ್‌ಡಿಎಲ್ ಎಷ್ಟಿದೆ ಓದಿ ಅಂದೆ. 142 ಇದ್ದಿದ್ದು 81ಕ್ಕೆ ಬಂದಿತ್ತು! ಮಾತ್ರೆ ಚೆನ್ನಾಗೇ ಕೆಲಸ ಮಾಡ್ತಿತ್ತು, ಅವರು ನೋಡ್ತಿದ್ದ ಸಾಲು ಬೇರೆ.

ಸ್ಟ್ಯಾಟಿನ್ ಕೆಲಸ ನಡೆಯೋದು ಲಿವರಲ್ಲಿ. ಕೊಲೆಸ್ಟ್ರಾಲ್ ತಯಾರಿಗೆ ಬೇಕಾದ ಒಂದು ಎನ್‌ಜೈಮನ್ನ ತಡೆಯುತ್ತೆ, ಆಗ ಲಿವರ್ ತನಗೆ ಬೇಕಾದ್ದನ್ನ ರಕ್ತದಲ್ಲಿರೋ ಎಲ್‌ಡಿಎಲ್‌ನಿಂದ ಎಳ್ಕೊಳ್ಳುತ್ತೆ. ಎಲ್‌ಡಿಎಲ್ 30ರಿಂದ 50 ಪರ್ಸೆಂಟ್ ಇಳಿಯುತ್ತೆ, ಎಚ್‌ಡಿಎಲ್ ಏರೋದು ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್, ಕೆಲವರಿಗೆ ಅದೂ ಇಲ್ಲ. ಮಾತ್ರೆಯಿಂದ ಮಾತ್ರೆಗೂ ವ್ಯತ್ಯಾಸ ಇದೆ, ರೋಸುವಾಸ್ಟ್ಯಾಟಿನಲ್ಲಿ ಸ್ವಲ್ಪ ಜಾಸ್ತಿ ಏರುತ್ತೆ, ಅಟೋರ್ವಾಸ್ಟ್ಯಾಟಿನ್ ಡೋಸ್ ಹೆಚ್ಚಿಸಿದಷ್ಟೂ ಆ ಏರಿಕೆ ಕಮ್ಮಿ ಆಗುತ್ತೆ.

ಹಾಗಂತ ಲಾಭ ಕಮ್ಮಿನಾ? ಬ್ರಿಟನ್, ಐರ್ಲೆಂಡಲ್ಲಿ ಟೈಪ್ 2 ಶುಗರ್ ಇದ್ದ 2838 ಜನರ ಮೇಲೆ ನಡೆದ ಕಾರ್ಡ್ಸ್ ಅನ್ನೋ ಅಧ್ಯಯನ 2004ರಲ್ಲಿ ಪ್ರಕಟ ಆಯ್ತು, ಯಾರಿಗೂ ಮೊದಲು ಹಾರ್ಟ್ ತೊಂದ್ರೆ ಇರ್ಲಿಲ್ಲ, ಅರ್ಧ ಜನಕ್ಕೆ ಅಟೋರ್ವಾಸ್ಟ್ಯಾಟಿನ್ ಬರೀ 10 ಮಿಲಿಗ್ರಾಂ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ್ದು 37 ಪರ್ಸೆಂಟ್ ಕಮ್ಮಿ ಆಯ್ತು, ಲಾಭ ಅಷ್ಟು ಸ್ಪಷ್ಟ ಇದ್ದಿದ್ದಕ್ಕೆ ಅಧ್ಯಯನಾನೇ ಅವಧಿಗೆ ಮುಂಚೆ ನಿಲ್ಲಿಸಿದ್ರು. ಎಚ್‌ಡಿಎಲ್ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ಇದರ ಉಲ್ಟಾನೂ ನಡೆದಿದೆ. ಟಾರ್ಸೆಟ್ರಪಿಬ್ ಅನ್ನೋ ಔಷಧಿ ಎಚ್‌ಡಿಎಲನ್ನ 70 ಪರ್ಸೆಂಟಿಗೂ ಮೇಲೆ ಏರಿಸ್ತು, ಆದ್ರೆ ತಗೊಂಡೋರಲ್ಲಿ ಸಾವು ಜಾಸ್ತಿ ಆಯ್ತು, 2006ರಲ್ಲಿ ನಿಲ್ಲಿಸಬೇಕಾಯ್ತು. ಸ್ಟ್ಯಾಟಿನ್ ಜೊತೆ ನಿಯಾಸಿನ್ (ವಿಟಮಿನ್ ಬಿ3) ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದ ಅಧ್ಯಯನಾನೂ 2011ರಲ್ಲಿ ನಿಂತ್ಹೋಯ್ತು, ಹೆಚ್ಚಿನ ಲಾಭ ಸಿಗ್ಲಿಲ್ಲ. ಡಿಪೋದಲ್ಲಿ ಎಷ್ಟು ಬಸ್ ಇದೆ ಅನ್ನೋದು ಬೇರೆ, ಅವು ಎಷ್ಟು ಟ್ರಿಪ್ ಹೊಡೀತಿವೆ ಅನ್ನೋದು ಬೇರೆ, ರಿಪೋರ್ಟಲ್ಲಿ ಕಾಣೋದು ಬಸ್ಸಿನ ಲೆಕ್ಕ ಮಾತ್ರ, ಅವು ಎಷ್ಟು ಕೊಲೆಸ್ಟ್ರಾಲ್ ಎತ್ಕೊಂಡು ಹೋಗ್ತಿವೆ ಅನ್ನೋದಲ್ಲ. ಶುಗರ್ ಹೆಚ್ಚಿದ್ರೆ ಎಚ್‌ಡಿಎಲಿನ ಪ್ರೋಟೀನಿಗೇ ಸಕ್ಕರೆ ಅಂಟ್ಕೊಂಡು ಅದರ ಕೆಲಸಾನೂ ಮಂಕಾಗುತ್ತೆ.

ಎಚ್‌ಡಿಎಲ್ ಏರಬೇಕು ಅಂದ್ರೆ ದಿನಾ ನಡೆಯೋದು, ಸಿಗರೇಟ್ ಬಿಡೋದು, ಹೊಟ್ಟೆ ಇಳಿಸೋದು, ನಿಧಾನಕ್ಕೆ ಸ್ವಲ್ಪ ಏರುತ್ತೆ. ಸ್ಟ್ಯಾಟಿನ್ ತಗೊಂಡ್ರೆ ಶುಗರ್ ಚೂರು ಏರಬಹುದು ಅನ್ನೋದೂ ನಿಜ, ಆದ್ರೆ ಹಾರ್ಟಿಗೆ ಸಿಗೋ ರಕ್ಷಣೆ ಅದಕ್ಕಿಂತ ದೊಡ್ಡದು. ಮೈಕೈ ಸ್ನಾಯು ನೋವು ಬಂದ್ರೆ ಡಾಕ್ಟರಿಗೆ ಹೇಳಿ, ಅವರು ಡೋಸ್ ಇಳಿಸಬಹುದು ಇಲ್ಲಾ ಬೇರೆ ಸ್ಟ್ಯಾಟಿನ್ ಕೊಡಬಹುದು, ದಯವಿಟ್ಟು ನೀವಾಗೇ ಮಾತ್ರೆ ಬಿಡ್ಬೇಡಿ.