ಬಳ್ಳಾರಿಗೆ ಬಂದು ಲೈಸೆನ್ಸ್ ಮಾಡಿಸುವವರಿಗೆ: ನನ್ನ ನೋಟ್‌ಬುಕ್‌ನಿಂದ

ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರಿನವನು. ಕೆಲಸ ಸಿಕ್ಕು ಬಳ್ಳಾರಿಗೆ ಬಂದೆ, ಕೌಲ್ ಬಜಾರ್ ಕಡೆ ರೂಮು ಮಾಡಿದೆ. ಲೈಸೆನ್ಸ್ ಮಾಡಿಸಿದ್ದು ಇಲ್ಲಿಗೆ ಬಂದ ಮೇಲೆ. ಈಗ ನನ್ನ ಇಬ್ಬರು ರೂಮ್‌ಮೇಟ್‌ಗಳ ಸರದಿ. ಅವರಿಗಾಗಿ ನನ್ನ ಹಳೆಯ ನೋಟ್ಸ್ ತೆಗೆದು ನೋಡಿದರೆ ಪ್ರಶ್ನೆ-ಉತ್ತರಗಳೇ ತುಂಬಿದ್ದವು. ಯಾವುದಕ್ಕೆ ಯಾಕೆ ಅಂತ ಒಂದು ಸಾಲೂ ಇರಲಿಲ್ಲ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗಿತ್ತು. ಅದಕ್ಕೆ ಈ ಸಲ ಬೇರೆ ಥರ ಬರೆದಿದ್ದೇನೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಲೈಸೆನ್ಸ್‌ಗೆ ನಮ್ಮ ಊರಿಗೇ ಹೋಗಬೇಕಾ?

ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ನೀವು ಯಾವ ರಾಜ್ಯದಲ್ಲಿ ವಾಸ ಇದ್ದೀರೋ ಆ ರಾಜ್ಯದ ಯಾವ ಆರ್‌ಟಿಒಗಾದರೂ ಅರ್ಜಿ ಹಾಕಬಹುದು. ಕೆಎ 36 ರಾಯಚೂರು, ಕೆಎ 34 ಬಳ್ಳಾರಿ, ಕೆಎ 35 ಹೊಸಪೇಟೆ. ಈ ನಂಬರ್‌ಗಳು ಗಾಡಿಯ ನೋಂದಣಿ ಎಲ್ಲಿಯದು ಅಂತ ಹೇಳುತ್ತವೆ. ಲೈಸೆನ್ಸ್ ಅಂತೂ ಎಲ್ಲಿ ಮಾಡಿಸಿದರೂ ಇಡೀ ದೇಶಕ್ಕೆ ನಡೆಯುತ್ತದೆ. ಎಲ್‌ಎಲ್‌ಆರ್ (ಮೊದಲು ಸಿಗುವ ಕಲಿಕೆಯ ಲೈಸೆನ್ಸ್) ಕೂಡ ಅಷ್ಟೇ.

ನಮ್ಮ ರೂಮಿನಲ್ಲಿ ಇನ್ನೊಬ್ಬ ಆದೋನಿಯವನು ಇದ್ದಾನೆ. ಅವನ ಹತ್ತಿರ ಆಂಧ್ರದ ಲೈಸೆನ್ಸ್ ಇದೆ. "ಕರ್ನಾಟಕದ್ದು ಒಂದು ಮಾಡಿಸಲಾ?" ಅಂದ. ಬೇಡವೇ ಬೇಡ. ಒಬ್ಬರ ಹತ್ತಿರ ಒಂದೇ ಲೈಸೆನ್ಸ್ ಇರಬೇಕು, ಎರಡು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಬೇಕಿದ್ದರೆ ಹಳೆಯದರಲ್ಲೇ ವಿಳಾಸ ಬದಲಿಸಿಕೊಳ್ಳಬಹುದು. ಗಾಡಿಯ ಕತೆ ಬೇರೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಮಾಡಿಸಬೇಕು.

ಅರ್ಜಿ ಹಾಕುವುದು ಸರ್ಕಾರದ ಸಾರಥಿ ವೆಬ್‌ಸೈಟ್‌ನಲ್ಲಿ. ಕೇಂದ್ರದ ನಿಯಮದಲ್ಲಿ ಎಲ್‌ಎಲ್‌ಆರ್‌ಗೆ ಗಾಡಿಯ ಒಂದೊಂದು ವರ್ಗಕ್ಕೆ (ಗೇರ್ ಇಲ್ಲದ ಸ್ಕೂಟಿ, ಬೈಕ್, ಕಾರು ಹೀಗೆ) 150 ರೂಪಾಯಿ, ಅದರ ಪರೀಕ್ಷೆಗೆ 50. ಆಮೇಲೆ ಡ್ರೈವಿಂಗ್ ಟೆಸ್ಟಿಗೆ ವರ್ಗಕ್ಕೆ 300, ಡಿಎಲ್‌ಗೆ, ಅಂದರೆ ಪಕ್ಕಾ ಲೈಸೆನ್ಸ್‌ಗೆ, 200. ಬೇರೆ ಶುಲ್ಕ ಸೇರಿ ಕೊನೆಯ ಮೊತ್ತ ಸ್ವಲ್ಪ ಹೆಚ್ಚಾಗಬಹುದು. ಏಜೆಂಟ್ ಹೇಳುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ನಿಮ್ಮಿಷ್ಟ. 40 ವರ್ಷ ದಾಟಿದವರಿಗೆ ಡಾಕ್ಟರ್ ಸಹಿ ಮಾಡಿದ ಫಾರಂ 1ಎ ಬೇಕು. ಉಳಿದವರಿಗೆ ಸ್ವಂತ ಘೋಷಣೆ ಸಾಕು, ಅದು ಫಾರಂ 1.

ವರ್ಗ ಆರಿಸುವಾಗ ಒಂದು ನಿಮಿಷ ನಿಲ್ಲಿ. "ಸದ್ಯಕ್ಕೆ ಸ್ಕೂಟಿ ತಾನೇ" ಅಂತ ಗೇರ್ ಇಲ್ಲದ್ದಕ್ಕೆ ಮಾತ್ರ ಟಿಕ್ ಹಾಕಿದರೆ ಆ ಲೈಸೆನ್ಸ್‌ನಲ್ಲಿ ಬೈಕ್ ಓಡಿಸುವಂತಿಲ್ಲ.

ಇನ್ನು ಬೋರ್ಡುಗಳು. ನೂರಾರು ಚಿತ್ರ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಆಕಾರ ನೋಡಿ. ದುಂಡಗಿದ್ದರೆ ಅದು ಆಜ್ಞೆ, ಮೀರಿದರೆ ದಂಡ. ತ್ರಿಕೋನ ಇದ್ದರೆ ಮುಂದೆ ಏನೋ ಇದೆ, ಹುಷಾರು ಅಂತ. ಚೌಕ ಅಥವಾ ಆಯತ ಇದ್ದರೆ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಪಾರ್ಕಿಂಗ್. ಇದಿಷ್ಟು ಗೊತ್ತಿದ್ದರೆ ಚಿತ್ರ ಅರ್ಥವಾಗದಿದ್ದರೂ ಕೊಟ್ಟ ಉತ್ತರಗಳಲ್ಲಿ ಒಂದೋ ಎರಡೋ ತಾನಾಗಿಯೇ ಬಿದ್ದುಹೋಗುತ್ತವೆ. ಈ ಲೆಕ್ಕಕ್ಕೆ ಸಿಗದವು ಎರಡು: ಎಂಟು ಮೂಲೆಯ ಸ್ಟಾಪ್ ಮತ್ತು ತಲೆಕೆಳಗಾದ ತ್ರಿಕೋನದ "ದಾರಿ ಬಿಡಿ". ಇವಕ್ಕೆ ಬೇರೆ ಆಕಾರ ಕೊಟ್ಟಿದ್ದೇ ಧೂಳು ಮೆತ್ತಿದ್ದರೂ, ಹಿಂದಿನಿಂದ ನೋಡಿದರೂ ಗುರುತು ಸಿಗಲಿ ಅಂತ. ಸಂಡೂರು ರಸ್ತೆಯಲ್ಲಿ ಅದಿರಿನ ಕೆಂಧೂಳು ಕೂತ ಬೋರ್ಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಪದೇ ಪದೇ ತಪ್ಪಿದ ಜೋಡಿಗಳು ಇವು. ದುಂಡನೆಯ ನೀಲಿ ಬೋರ್ಡಿನ ಮೇಲೆ ಒಂದು ಕೆಂಪು ಗೀಟು ಇದ್ದರೆ ನೋ ಪಾರ್ಕಿಂಗ್. ಎರಡು ಗೀಟು ಒಂದನ್ನೊಂದು ದಾಟಿದ್ದರೆ ಗಾಡಿ ನಿಲ್ಲಿಸುವುದೇ ಬೇಡ, ಯಾರನ್ನಾದರೂ ಇಳಿಸಲಿಕ್ಕೂ ಇಲ್ಲ. ತ್ರಿಕೋನದಲ್ಲಿ ಗೇಟಿನ ಚಿತ್ರ ಇದ್ದರೆ ಕಾವಲಿರುವ ರೈಲ್ವೆ ಗೇಟ್. ರೈಲು ಎಂಜಿನ್ ಚಿತ್ರ ಇದ್ದರೆ ಕಾವಲಿಲ್ಲದ್ದು. ನಾನು ಇದನ್ನು ಉಲ್ಟಾ ಓದಿಕೊಂಡಿದ್ದೆ. ನೆನಪಿಡಲು ಸುಲಭ ದಾರಿ: ಗೇಟ್ ಇಲ್ಲದ ಕಡೆ ನಿಮ್ಮ ಎದುರಿಗೆ ಬರುವುದು ನೇರ ಎಂಜಿನ್ನೇ! ಅಂಥ ಕಡೆ ಗಾಡಿ ನಿಲ್ಲಿಸಬೇಕು, ಜೊತೆಗಿದ್ದ ಕಂಡಕ್ಟರೋ ಕ್ಲೀನರೋ ಇಳಿದು ಹಳಿತನಕ ಹೋಗಿ ನೋಡಬೇಕು. ಯಾರೂ ಇಲ್ಲದಿದ್ದರೆ ಡ್ರೈವರೇ ಇಳಿಯಬೇಕು. ಇದು ಕಾಯ್ದೆಯ 131ನೇ ಸೆಕ್ಷನ್.

ಯಾರು ಮೊದಲು ಹೋಗಬೇಕು ಅನ್ನುವ ಪ್ರಶ್ನೆಗಳು ಸಾಕಷ್ಟು ಬರುತ್ತವೆ. ಗುಡ್ಡದ ರಸ್ತೆಯಲ್ಲಿ ಏರುತ್ತಿರುವ ಗಾಡಿಗೆ ದಾರಿ ಬಿಡಬೇಕು. ಯಾಕೆಂದರೆ ತೂಕ ಹೊತ್ತು ಏರುವ ಗಾಡಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ಹಿಂದಕ್ಕೆ ಜಾರಬಹುದು. ಸುತ್ತಿ ಹೋಗುವ ಸರ್ಕಲ್‌ನಲ್ಲಿ ಬಲಗಡೆಯಿಂದ ಬರುವವರು ಮೊದಲು. ಕಿರಿದಾದ ಸೇತುವೆಯೊಳಗೆ ಎದುರಿನ ಗಾಡಿ ಬರುತ್ತಿದ್ದರೆ ನೀವು ಕಾಯಬೇಕು. ಸಿಗ್ನಲ್‌ನಲ್ಲಿ ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ನೋಡಿ ಹೋಗುವುದು. ಹಳದಿ ಮಿನುಗಿದರೆ ನಿಧಾನ ಮಾಡಿ ಹೋಗುವುದು. ಸಂಜೆ ರಾಯಲ್ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಈ ನಿಯಮಗಳು ಎಷ್ಟು ಜನಕ್ಕೆ ಗೊತ್ತು ಅಂತ ಅನುಮಾನ ಬರುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಉತ್ತರವನ್ನೇ ಒತ್ತಿ.

ಕೈ ಸನ್ನೆ ಈಗ ಯಾರು ಮಾಡುತ್ತಾರೆ ಅಂತ ಬಿಡಬೇಡಿ, ಕೇಳುತ್ತಾರೆ. ಮಾಡುವುದೆಲ್ಲ ಬಲಗೈಯಲ್ಲೇ. ಬಲಕ್ಕೆ ತಿರುಗಲು ಕೈ ನೇರ ಚಾಚುವುದು. ಎಡಕ್ಕಾದರೆ ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸುವುದು. ನಿಧಾನ ಮಾಡುವಾಗ ಅಂಗೈ ಕೆಳಗೆ ಮಾಡಿ ಕೈಯನ್ನು ಮೇಲೆ ಕೆಳಗೆ ಆಡಿಸುವುದು. ಸ್ಟೇರಿಂಗ್ ಬಲಕ್ಕಿದ್ದ ಗಾಡಿಯಲ್ಲಿ ಕಿಟಕಿಯಿಂದ ಹೊರಗೆ ಹೋಗುವುದು ಆ ಒಂದೇ ಕೈ ಅಲ್ವಾ!

ಎಲ್‌ಎಲ್‌ಆರ್ ಬಂದ ಮೇಲೆ 30 ದಿನ ಆಗುವವರೆಗೆ ಡ್ರೈವಿಂಗ್ ಟೆಸ್ಟ್ ಇಲ್ಲ. ಅದರ ಆಯಸ್ಸು 6 ತಿಂಗಳು. ಗಾಡಿಯ ಮುಂದೆ ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಇರಲೇಬೇಕು. ಕಾರಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಬೈಕಿನ ಹಿಂದೆ ಗೆಳೆಯನನ್ನು ಸುಮ್ನೆ ಕೂರಿಸಿಕೊಂಡು ಹೋಗುವಂತಿಲ್ಲ. ಕೂರುವುದಿದ್ದರೆ ಲೈಸೆನ್ಸ್ ಇದ್ದು ನಿಮಗೆ ಕಲಿಸುವವರೇ ಆಗಿರಬೇಕು. ನನ್ನ ರೂಮ್‌ಮೇಟ್ ಒಬ್ಬ ಎಲ್ ಬೋರ್ಡ್ ಹಚ್ಚಿದ ದಿನವೇ ಇನ್ನೊಬ್ಬನನ್ನು ಕೂರಿಸಿಕೊಂಡು ತೋರಣಗಲ್ಲಿಗೆ ಹೊರಟಿದ್ದ. ತಡೆದೆ. ಅದಿರು ಲಾರಿಗಳ ರಸ್ತೆ ಅದು. ಲಾರಿಯ ಕನ್ನಡಿ ನಿಮಗೆ ಕಾಣದಿದ್ದರೆ ಡ್ರೈವರ್‌ಗೆ ನೀವೂ ಕಾಣುವುದಿಲ್ಲ. ಇದು ಪ್ರಶ್ನೆಪತ್ರಿಕೆಯಲ್ಲಿ ಬರಲಿ ಬಿಡಲಿ, ಬರೆದುಕೊಳ್ಳಿ.

ಟೆಸ್ಟಿನ ದಿನ ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎಲ್ಲ ಜೊತೆಗಿರಲಿ. ಬೈಕಿಗೆ ಎಂಟು ಹಾಕುವುದೇ, ಅಂದರೆ 8ರ ಆಕಾರದಲ್ಲಿ ಓಡಿಸುವುದೇ, ದೊಡ್ಡ ಪರೀಕ್ಷೆ. ನಾನು ಮೊದಲ ಸಲ ಎರಡನೇ ತಿರುವಿನಲ್ಲಿ ಕಾಲು ಊರಿ ಫೇಲಾದೆ. ತಪ್ಪು ಏನಂತ ಆಮೇಲೆ ತಿಳಿಯಿತು: ಮುಂದಿನ ಚಕ್ರವನ್ನೇ ನೋಡುತ್ತಿದ್ದೆ. ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ. ತಿರುವು ಮುಗಿಯುವ ಜಾಗವನ್ನು ನೋಡಬೇಕು, ಮುಂದಿನ ಬ್ರೇಕು ಮುಟ್ಟದೆ ಹಿಂದಿನದನ್ನು ಮೆಲ್ಲಗೆ ಒತ್ತಿ ವೇಗವನ್ನು ಹತೋಟಿಯಲ್ಲಿಡಬೇಕು. ಖಾಲಿ ಮೈದಾನದಲ್ಲಿ ಸುಣ್ಣದಿಂದ ಎಂಟು ಬರೆದು ಒಂದು ವಾರ ಸುತ್ತಿದೆ. ಬಳ್ಳಾರಿ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಏಳರ ಒಳಗೇ ಮುಗಿಸುತ್ತಿದ್ದೆ. ಫೇಲಾದರೆ 7 ದಿನದ ನಂತರ ಮತ್ತೆ ಹೋಗಬಹುದು. ಮೂರು ಸಲ ಆದರೆ ಮಾತ್ರ 60 ದಿನ ಕಾಯಬೇಕು. ಕಾರಿನವರು ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಕ್ಕೆ ಜಾರದೆ ಹೊರಡುವುದನ್ನು ಚೆನ್ನಾಗಿ ರೂಢಿ ಮಾಡಿಕೊಳ್ಳಿ.

ಪಾಸಾದರೆ 30 ತುಂಬದವರಿಗೆ ಲೈಸೆನ್ಸ್ 40ನೇ ವಯಸ್ಸಿನವರೆಗೆ ನಡೆಯುತ್ತದೆ. 30ರಿಂದ 50ರೊಳಗಿನವರಿಗೆ 10 ವರ್ಷ. ಅವಧಿ ಮುಗಿದು ಒಂದು ವರ್ಷ ದಾಟುವವರೆಗೂ ಸುಮ್ಮನಿದ್ದರೆ ಮತ್ತೆ ಟೆಸ್ಟ್ ಕೊಡಬೇಕು.

ಕಡೆಗೆ ವಿಳಾಸ. ಕಾರ್ಡು ಅಂಚೆಯಲ್ಲಿ ಬರುತ್ತದೆ, ಅರ್ಜಿಯಲ್ಲಿ ಯಾವ ವಿಳಾಸವೋ ಅಲ್ಲಿಗೆ. ನನ್ನ ಆಧಾರ್‌ನಲ್ಲಿ ಊರಿನ ವಿಳಾಸವೇ ಇತ್ತು, ಬದಲಿಸಲು ಸೋಮಾರಿತನ. ನಾನು ಇಲ್ಲಿ ದಿನಾ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿದ್ದರೆ ಅವ್ವ ಊರಿಂದ ಫೋನ್ ಮಾಡಿ, "ನಿನ್ನ ಫೋಟೋ ಇರೋ ಕಾರ್ಡೊಂದು ಬಂದೈತಿ, ಏನದು?" ಅಂದಳು. ಅದು ಪರಿಚಯದವರ ಕೈಯಲ್ಲಿ ಬಳ್ಳಾರಿ ತಲುಪಲು ಇನ್ನೂ ಎರಡು ವಾರ ಹಿಡಿಯಿತು. ಅಲ್ಲಿವರೆಗೆ ಡಿಜಿಲಾಕರ್‌ನಲ್ಲಿ ಇಳಿಸಿಕೊಂಡ ಲೈಸೆನ್ಸನ್ನೇ ಫೋನಿನಲ್ಲಿ ಇಟ್ಟುಕೊಂಡು ಓಡಾಡಿದೆ. ಅದೂ ಕಾನೂನಿಗೆ ಸಮ್ಮತವೇ, ಫೋನಿನ ಚಾರ್ಜ್ ಒಂದು ಮುಗಿಯಬಾರದು ಅಷ್ಟೇ.