ಊಟದ ‘ಬೇಕು’, ಕುದುರೆಯ ‘ಬೇಕು’: ಶಿಲುಬೆ ಯಾಕೆ ಬೇಕಿತ್ತು?

ಹೋದ ಸಲದ ದೇವತಾಶಾಸ್ತ್ರದ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಬಂದದ್ದು ಹತ್ತಕ್ಕೆ ನಾಲ್ಕು. ‘ರಕ್ಷಣೆಗೆ ಕ್ರಿಸ್ತನ ಪ್ರಾಯಶ್ಚಿತ್ತ ಅಗತ್ಯವಿತ್ತೇ? ಚರ್ಚಿಸಿ.’ ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದ ವಿಷಯ, ಇದರಲ್ಲೇನು ಮಹಾ ಅಂತ ಮೂರು ಪುಟ ಗೀಚಿದ್ದೆ. ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಎರಡೇ ಪದ: ‘ಯಾವ ಅಗತ್ಯ?’

ಆ ಎರಡು ಪದ ಬಿಡಿಸಿಕೊಳ್ಳಲು ಎರಡು ವಾರ ಹಿಡಿಯಿತು. ಓದಿದ್ದೆಲ್ಲ ಬೈಯಪ್ಪನಹಳ್ಳಿಯಿಂದ ಮೆಜೆಸ್ಟಿಕ್‌ವರೆಗಿನ ಮೆಟ್ರೋದಲ್ಲಿ, ನಿಂತುಕೊಂಡೇ. ನಮ್ಮ ಸಂಜೆ ತರಗತಿಯವರಿಗೆ ಮುಂದಿನ ತಿಂಗಳು ಮತ್ತೆ ಇದೇ ಪತ್ರಿಕೆ ಇದೆ, ಹಾಗಾಗಿ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಆದಾಮನ ಪತನ, ತ್ರಿಯೇಕತ್ವ ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡು ಬಿಟ್ಟಿದ್ದೇನೆ.

ಮೊದಲು ಪದಗಳ ಗಲಾಟೆ

ಕನ್ನಡದಲ್ಲಿ ಓದುವವರಿಗೆ ಒಂದು ತೊಡಕಿದೆ. ಪ್ರಾಯಶ್ಚಿತ್ತ ಅಂದರೆ ನಮ್ಮ ಕಿವಿಗೆ ತಪ್ಪು ಮಾಡಿದವನೇ ಮಾಡಿಕೊಳ್ಳುವ ಕೆಲಸ. ಇಲ್ಲಿ ತಪ್ಪು ಮನುಷ್ಯರದು, ಪ್ರಾಯಶ್ಚಿತ್ತ ಶಿಲುಬೆಯ ಮೇಲೆ ಸತ್ತ ಕ್ರಿಸ್ತನದು. ಈ ಅಂತರ ಮನಸ್ಸಿನಲ್ಲಿ ಕೂರುವವರೆಗೆ ಮುಂದಿನದು ಯಾವುದೂ ಹತ್ತುವುದಿಲ್ಲ.

ಬೈಬಲ್ ಕೂಡ ಒಂದೇ ಪದಕ್ಕೆ ಅಂಟಿಕೊಂಡಿಲ್ಲ. ದೋಷಪರಿಹಾರ ಅನ್ನುವುದು ಯಜ್ಞವೇದಿಯ ಮಾತು. ಈಡು ಅನ್ನುವುದು ಸೆರೆಯಲ್ಲಿದ್ದವರನ್ನು ಹಣ ಕೊಟ್ಟು ಬಿಡಿಸುವ ಮಾತು. ಸಂಧಾನ ಅನ್ನುವುದು ಜಗಳವಾಡಿದ ಮನೆಯ ಮಾತು. ಕ್ಯಾಥೊಲಿಕ್ ಭಾಷಾಂತರ ತೆಗೆದರೆ ರಕ್ಷಣೆ ಇರುವ ಕಡೆ ಜೀವೋದ್ಧಾರ ಅಂತ ಸಿಗುತ್ತದೆ. 381ರ ವಿಶ್ವಾಸಪ್ರಮಾಣ (ಕ್ರೈಸ್ತ ನಂಬಿಕೆಯ ಸಾರ ಹೇಳುವ ಪಠ್ಯ) ‘ನಮಗಾಗಿ ಶಿಲುಬೆಗೆ ಹಾಕಲ್ಪಟ್ಟನು’ ಅಂತ ಹೇಳಿ ಮುಂದೆ ಹೋಗಿಬಿಡುತ್ತದೆ. ಆ ಸಾವು ನಮಗಾಗಿ ಹೇಗಾಯಿತು ಅನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ. ಹಾಗಾಗಿಯೇ ಇಷ್ಟೊಂದು ವಾದಗಳಿಗೆ ಜಾಗ ಸಿಕ್ಕಿತು.

ಆಮೇಲೆ ‘ಬೇಕು’. ಲೂಕ 24ರಲ್ಲಿ ಎಮ್ಮಾಹು ದಾರಿಯಲ್ಲಿ ಯೇಸು ಕೇಳುತ್ತಾನೆ: ಕ್ರಿಸ್ತನು ಇದನ್ನೆಲ್ಲ ಅನುಭವಿಸಬೇಕಾಗಿತ್ತಲ್ಲವೇ? ಮೂಲ ಗ್ರೀಕಿನಲ್ಲಿ ಅಲ್ಲಿರುವುದು ‘ದೇಯ್’, ಅಂದರೆ ‘ಆಗಲೇಬೇಕು’, ಅನ್ನುವ ಪುಟ್ಟ ಪದದ ಭೂತಕಾಲದ ರೂಪ. ನಮ್ಮ ‘ಬೇಕು’ ಅದಕ್ಕಿಂತಲೂ ಸಡಿಲ. ಬದುಕಲು ನೀರು ಬೇಕು, ನನಗೊಂದು ಫಿಲ್ಟರ್ ಕಾಫಿ ಬೇಕು, ಎರಡಕ್ಕೂ ಒಂದೇ ಪದ. ನನ್ನ ಮೂರು ಪುಟದ ಉತ್ತರ ಈ ಸಡಿಲ ಬೇಕಿನಲ್ಲೇ ಮುಳುಗಿತ್ತು.

ಎರಡು ‘ಬೇಕು’

ನನ್ನನ್ನು ಮೇಲೆತ್ತಿದ್ದು 13ನೇ ಶತಮಾನದ ದೇವತಾಶಾಸ್ತ್ರಜ್ಞ ತೋಮಸ್ ಅಕ್ವಿನಾಸ್. ದೇವರು ಮನುಷ್ಯನಾಗುವ ಅಗತ್ಯವಿತ್ತೇ ಅಂತ ಚರ್ಚಿಸುವಾಗ ಅವನು ಅಗತ್ಯವನ್ನು ಎರಡಾಗಿ ಸೀಳುತ್ತಾನೆ. ಒಂದು, ಜೀವ ಉಳಿಯಲು ಊಟ ಬೇಕು ಅನ್ನುವ ಹಾಗೆ. ಅದಿಲ್ಲದೆ ಆಗುವುದೇ ಇಲ್ಲ. ಇನ್ನೊಂದು, ಪ್ರಯಾಣಕ್ಕೆ ಕುದುರೆ ಬೇಕು ಅನ್ನುವ ಹಾಗೆ. ನಡೆದೂ ಹೋಗಬಹುದು, ಆದರೆ ಕುದುರೆಯಿದ್ದರೆ ಚೆನ್ನಾಗಿ ತಲುಪಬಹುದು.

ಶಿವಾಜಿನಗರದಿಂದ ಕಾರ್ಪೊರೇಷನ್‌ಗೆ ಆಟೋ ‘ಬೇಕು’ ಅನ್ನುತ್ತೀವಲ್ಲ, ಅದು ಕುದುರೆಯ ಬೇಕು.

ಇದೇ ನನ್ನ ಸುಲಭದ ದಾರಿ. ಯಾವ ದೇವತಾಶಾಸ್ತ್ರಜ್ಞನನ್ನು ಓದಿದರೂ ಮೊದಲು ಕೇಳಿ: ಈತನದು ಊಟವೋ ಕುದುರೆಯೋ? ಅಕ್ವಿನಾಸ್ ಸ್ವತಃ ಕುದುರೆಯ ಕಡೆ. ದೇವರಿಗೆ ಬೇರೆ ದಾರಿಗಳೂ ಇದ್ದವು, ಆದರೆ ಇದಕ್ಕಿಂತ ಒಪ್ಪುವ ದಾರಿ ಇರಲಿಲ್ಲ ಅಂತ 5ನೇ ಶತಮಾನದ ಬಿಷಪ್ ಅಗಸ್ಟಿನ್ ಮೊದಲೇ ಹೇಳಿದ್ದ. ಅಕ್ವಿನಾಸ್ ಅದನ್ನೇ ಹಿಡಿದು ಹೊರಡುತ್ತಾನೆ.

ಹಳಬರು, ಬೇಗ ಬೇಗ

ಈಡಿನ ವಾದ ನಿಮಗೆ ಗೊತ್ತು: ಮನುಷ್ಯ ಸೈತಾನನ ವಶದಲ್ಲಿದ್ದ, ಯೇಸುವಿನ ಪ್ರಾಣ ಬಿಡುಗಡೆಯ ಬೆಲೆ. 4ನೇ ಶತಮಾನದ ಬಿಷಪ್, ನಿಸ್ಸದ ಗ್ರೆಗೊರಿ, ಇದಕ್ಕೆ ಗಾಳದ ಚಿತ್ರ ಕೊಟ್ಟ. ಮಾನುಷ್ಯ ದೇಹ ಎರೆ, ಒಳಗಿನ ದೈವತ್ವ ಕೊಕ್ಕೆ, ಸೈತಾನ ಮೀನಿನಂತೆ ನುಂಗಿ ಸಿಕ್ಕಿಬಿದ್ದ. ಅದೇ ಕಾಲದ ಇನ್ನೊಬ್ಬ ಗ್ರೆಗೊರಿ, ನಾಜಿಯಾನ್ಸಸ್‌ನವನು, ಸಿಟ್ಟಾದ. ಕಳ್ಳನಿಗೆ ಬೆಲೆ ಕಟ್ಟುವುದೇ? ಬೆಲೆ ತಂದೆಗೆ ಸಂದಿತು ಅನ್ನೋಣವೆಂದರೆ, ಇಸಾಕನ ಬಲಿಯನ್ನೇ ಬೇಡ ಅಂದ ತಂದೆಗೆ ಮಗನ ರಕ್ತ ಯಾಕೆ? ಈ ಇಬ್ಬರು ಗ್ರೆಗೊರಿಗಳನ್ನು ಅದಲುಬದಲು ಮಾಡಬೇಡಿ. ನಾನು ಮಾಡಿದ್ದೇನೆ.

4ನೇ ಶತಮಾನದವನೇ ಆದ ಬಿಷಪ್ ಅಥನೇಷಿಯಸ್ ನನಗೆ ತುಂಬ ಹಿಡಿಸಿದ. ಮನುಷ್ಯ ಪಶ್ಚಾತ್ತಾಪಪಟ್ಟರೆ ಸಾಕಲ್ವಾ ಅಂತ ಅವನೇ ಕೇಳಿಕೊಳ್ಳುತ್ತಾನೆ. ಸಾಲದು ಅನ್ನುತ್ತಾನೆ. ಬರೀ ತಪ್ಪು ಮಾತ್ರ ಆಗಿದ್ದರೆ ಸಾಕಿತ್ತು. ಆದರೆ ಸಾವು, ಕೊಳೆತ ಒಳಗೆ ಸೇರಿಬಿಟ್ಟಿದೆ. ಕ್ಷಮೆ ಕೇಳಿದರೆ ಕೊಳೆತ ವಾಸಿಯಾಗುವುದಿಲ್ಲ. ಜೊತೆಗೆ, ಹಣ್ಣು ತಿಂದರೆ ‘ಸಾಯುವಿರಿ’ ಅಂತ ಆದಾಮನಿಗೆ ಅಂದ ದೇವರ ಮಾತು ಸುಳ್ಳಾಗುವ ಹಾಗೂ ಇಲ್ಲ. ಅವನ ಹೋಲಿಕೆ ಹೀಗಿದೆ: ಹಲಗೆಯ ಮೇಲೆ ಬರೆದ ಮುಖದ ಚಿತ್ರ ಕೊಳೆಯಾಗಿ ಅಳಿಸಿಹೋಗಿದೆ. ಹಲಗೆ ಬಿಸಾಡುವುದಿಲ್ಲ. ಯಾರ ಚಿತ್ರವೋ ಅವನೇ ಮತ್ತೆ ಬಂದು ಕೂರಬೇಕು, ಅದೇ ಹಲಗೆಯ ಮೇಲೆ ತಿದ್ದಿ ಬರೆಯಲು. ಆರ್ಥೊಡಾಕ್ಸ್ ಸಭೆಗಳು ಇವತ್ತಿಗೂ ಹೆಚ್ಚಾಗಿ ಮಾತಾಡುವುದು ಈ ಧಾಟಿಯಲ್ಲೇ, ಕೋರ್ಟಿನ ಭಾಷೆಗಿಂತ ವೈದ್ಯನ ಭಾಷೆ ಜಾಸ್ತಿ.

ಆನ್ಸೆಲ್ಮ್: ನಾನು ಜಾರಿಬಿದ್ದ ಜಾಗ

ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರಲ್ಲಿ ‘ದೇವರು ಯಾಕೆ ಮನುಷ್ಯನಾದ’ ಅನ್ನುವ ಪುಸ್ತಕ ಮುಗಿಸಿದ. ಬೋಸೊ ಅನ್ನುವ ಶಿಷ್ಯನ ಜೊತೆಗಿನ ಸಂಭಾಷಣೆ ಅದು. ಕ್ರಿಸ್ತನ ಬಗ್ಗೆ ಏನೂ ಗೊತ್ತಿಲ್ಲ ಅಂದುಕೊಂಡು, ಬರೀ ತರ್ಕದಿಂದ ಶಿಲುಬೆಯವರೆಗೆ ಬರುವುದು ಅವನ ಪಣ. ಪಕ್ಕಾ ಊಟದ ಕಡೆಯವನು.

ಪಾಪ ಅಂದರೆ ದೇವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸದಿರುವುದು. ಅದು ಬಾಕಿ. ಬೋಸೊ ತನ್ನ ಕೈಯಲ್ಲಿರುವುದನ್ನೆಲ್ಲ ಪಟ್ಟಿ ಮಾಡುತ್ತಾನೆ: ಪಶ್ಚಾತ್ತಾಪ, ಉಪವಾಸ, ದುಡಿಮೆ, ದಾನ, ವಿಧೇಯತೆ. ಆನ್ಸೆಲ್ಮ್ ಕೇಳುವುದು ಒಂದೇ: ಪಾಪ ಮಾಡದಿದ್ದರೂ ಇವನ್ನೆಲ್ಲ ನೀನು ಕೊಡಬೇಕಾಗಿತ್ತಲ್ಲ? ಬಾಡಿಗೆ ಮನೆಯಲ್ಲಿ ಇರುವವರಿಗೆ ಇದು ಥಟ್ಟನೆ ಹತ್ತುತ್ತದೆ. ಈ ತಿಂಗಳ ಬಾಡಿಗೆ ಕೊಟ್ಟರೆ ಹಳೇ ಬಾಕಿ ತೀರಲ್ಲ.

ಬಾಕಿ ಎಷ್ಟು? ‘ಆ ಕಡೆ ನೋಡಬೇಡ’ ಅಂತ ದೇವರು ಹೇಳಿದ್ದಾನೆ, ಇಡೀ ಸೃಷ್ಟಿ ಹಾಳಾಗುತ್ತದೆ ಅಂದರೂ ನೋಡಬಹುದೇ? ಕೂಡದು ಅಂತ ಬೋಸೊ ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಒಂದು ನೋಟದ ತೂಕ ಇಡೀ ಜಗತ್ತಿಗಿಂತ ಜಾಸ್ತಿ. ಕೊಡಬೇಕಾದವನು ಮನುಷ್ಯ, ಕೊಡಲು ತಾಕತ್ತಿರುವವನು ದೇವರು ಮಾತ್ರ. ಆದ್ದರಿಂದ ದೇವರೂ ಮನುಷ್ಯನೂ ಆದ ಒಬ್ಬ ಬೇಕು.

ಇಲ್ಲಿಯವರೆಗೆ ನಾನೂ ಸರಿಯಾಗೇ ಬರೆದಿದ್ದೆ. ಮುಂದಿನ ವಾಕ್ಯ ಕೆಡಿಸಿತು: ‘ಹೀಗೆ ಕ್ರಿಸ್ತನು ನಮ್ಮ ಶಿಕ್ಷೆಯನ್ನು ಅನುಭವಿಸಿದನು.’ ಅದು ಆನ್ಸೆಲ್ಮ್ ಅಲ್ಲ!

ನಿಧಾನವಾಗಿ ನೋಡಿ. ಆನ್ಸೆಲ್ಮನ ಸೂತ್ರ ಎರಡರಲ್ಲಿ ಒಂದು: ತೃಪ್ತಿ ಅಥವಾ ಶಿಕ್ಷೆ. ಈ ‘ಅಥವಾ’ ಮೇಲೆ ಬೆರಳಿಡಿ. ತೃಪ್ತಿ ಸಲ್ಲಿದರೆ ಶಿಕ್ಷೆಯೇ ಇಲ್ಲ. ಶಿಕ್ಷೆಯಾದರೆ ತೃಪ್ತಿ ಸಲ್ಲಿಲ್ಲ ಅಂತ ಅರ್ಥ. ‘ತೃಪ್ತಿ’ ಅನ್ನುವುದು ಪಠ್ಯದ ಪದ, ಹೊಟ್ಟೆ ತುಂಬಿದಾಗ ಹೇಳುವ ಮಾತಿನ ಹಾಗೆ ಕೇಳಿಸುತ್ತದೆ, ಅದಕ್ಕೇ ತಲೆಗೆ ಹತ್ತಲಿಲ್ಲ. ನನಗೆ ಹತ್ತಿಸಿದ್ದು ನಮ್ಮ ಪಕ್ಕದ ಮನೆ ಅಜ್ಜಿ. ಅವರು ತಿರುಪತಿಗೆ ಹರಕೆ ಹೊತ್ತು ಎರಡು ವರ್ಷ ಹೋಗಿರಲಿಲ್ಲ. ಒಂದು ಸಂಜೆ ಹಳದಿ ಬಟ್ಟೆಯಲ್ಲಿ ಮುಡುಪು ಕಟ್ಟುತ್ತಾ ಕೂತಿದ್ದರು. ಹರಕೆಯ ದುಡ್ಡು ಎಣಿಸಿಟ್ಟರು, ಆಮೇಲೆ ಸೊಂಟದ ಚೀಲದಿಂದ ಇನ್ನೊಂದು ನೂರರ ನೋಟು ತೆಗೆದು ಸೇರಿಸಿದರು. ಇದೇನಜ್ಜಿ ಅಂದೆ. ‘ತಪ್ಪುಕಾಣಿಕೆ ಕಣಮ್ಮಾ, ತಡ ಮಾಡಿದ್ನಲ್ಲ’ ಅಂದರು.

ಅಷ್ಟೇ. ಆನ್ಸೆಲ್ಮನ ತೃಪ್ತಿ ಅಂದರೆ ತಪ್ಪುಕಾಣಿಕೆ. ತೆಗೆದುಕೊಂಡದ್ದನ್ನು ಹಿಂದಿರುಗಿಸಿದರೆ ಸಾಲದು, ಅವಮಾನಕ್ಕೆ ಪ್ರತಿಯಾಗಿ ಇನ್ನಷ್ಟು ಸೇರಿಸಬೇಕು ಅಂತ ಅವನೂ ಹೇಳುತ್ತಾನೆ. ಯಾಜಕಕಾಂಡದಲ್ಲೂ ಇದೆ: ಮೋಸ ಮಾಡಿ ಪಡೆದದ್ದನ್ನು ಐದನೇ ಒಂದು ಪಾಲು ಸೇರಿಸಿ ಹಿಂದಕ್ಕೆ ಕೊಡಬೇಕು. ತಪ್ಪುಕಾಣಿಕೆ ಹಾಕುವವರನ್ನು ಯಾರೂ ಹೊಡೆಯುತ್ತಿಲ್ಲ. ಅದು ಕೊಡುವುದು. ಪಾಪವಿಲ್ಲದ ಕ್ರಿಸ್ತ ಸಾಯಬೇಕಾದ ಬಾಕಿ ಇರಲಿಲ್ಲ, ಆದರೂ ಪ್ರಾಣ ಕೊಟ್ಟ. ಬಾಕಿಯಿಲ್ಲದೆ ಕೊಟ್ಟದ್ದರಿಂದಲೇ ಅದು ಕಾಣಿಕೆ.

16ನೇ ಶತಮಾನದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ನದು ದಂಡ. ಕಾನೂನು ಓದಿದವನು. ಅವನಲ್ಲಿ ಕ್ರಿಸ್ತ ಅಪರಾಧಿಯ ಜಾಗದಲ್ಲಿ ನಿಂತು, ನಮಗೆ ಬರಬೇಕಿದ್ದ ತೀರ್ಪನ್ನು ತಾನು ಹೊತ್ತುಕೊಳ್ಳುತ್ತಾನೆ. ಬೇರೆಯವರ ಅಪರಾಧಕ್ಕಾಗಿ ನೋಯುವ ಸೇವಕನ ಅಧ್ಯಾಯ, ಯೆಶಾಯ 53, ಅವನ ಕೈಯಲ್ಲಿರುವ ಮುಖ್ಯ ಪಠ್ಯ. ಆನ್ಸೆಲ್ಮ್ ತಪ್ಪುಕಾಣಿಕೆ, ಕ್ಯಾಲ್ವಿನ್ ದಂಡ. ಪರೀಕ್ಷೆಯ ಹಾಳೆಯ ಮೇಲೆ ಮೊದಲು ಇದನ್ನು ಬರೆದುಕೊಂಡು ಆಮೇಲೆ ಉತ್ತರ ಶುರು ಮಾಡಿ.

‘ಹೋಗ್ಲಿ ಬಿಡು’ ಅನ್ನಬಹುದಿತ್ತಲ್ವಾ?

ನಮ್ಮ ಓಣಿಯಲ್ಲಿ ಕ್ರಿಕೆಟ್ ಆಡುವ ಹುಡುಗ ನನ್ನ ಸ್ಕೂಟರಿನ ಕನ್ನಡಿ ಒಡೆದ. ಹೆದರಿ ನಿಂತಿದ್ದ, ‘ಹೋಗ್ಲಿ ಬಿಡೋ’ ಅಂದೆ. ರಾತ್ರಿ ಅವನಪ್ಪ ಬಂದು ಬೇಡವೆಂದರೂ ಕೇಳದೆ ಕನ್ನಡಿಯ ದುಡ್ಡು ಕೊಟ್ಟು ಹೋದರು. ಬೆಳಿಗ್ಗೆ ಮೆಟ್ರೋದಲ್ಲಿ ಸೊಸಿನಸ್ ಓದುವಾಗ ನನಗೆ ನಗು ಬಂತು. ನಾನು ಆ ಹುಡುಗನನ್ನು ಕ್ಷಮಿಸಿದೆನೋ, ವಸೂಲಿ ಮಾಡಿದೆನೋ?

ಸೊಸಿನಸ್ 16ನೇ ಶತಮಾನದ ಇಟಲಿಯವನು. ಅವನ ಪೆಟ್ಟು ಅಲ್ಲೇ ಬೀಳುತ್ತದೆ. ಸಾಲ ತೀರಿದ್ದರೆ ಮನ್ನಾ ಮಾಡುವುದೇನು ಉಳಿಯಿತು? ಮನ್ನಾ ಮಾಡಿದ್ದರೆ ತೀರಿಸುವುದೇನಿತ್ತು? ಎರಡೂ ಒಟ್ಟಿಗೆ ಹೇಳಬೇಡಿ ಅನ್ನುತ್ತಾನೆ. ಅವನ ಉಳಿದ ತೀರ್ಮಾನಗಳು ನನಗೆ ಒಪ್ಪಿಗೆಯಿಲ್ಲ, ಆದರೆ ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಿದರೆ ಉತ್ತರ ತೆಳ್ಳಗಾಗುತ್ತದೆ.

ಅವನಿಗೆ ಉತ್ತರವಾಗಿ 1617ರಲ್ಲಿ ಬರೆದವನು ಹಾಲೆಂಡಿನ ನ್ಯಾಯಶಾಸ್ತ್ರಜ್ಞ ಗ್ರೋಷಿಯಸ್. ದೇವರನ್ನು ಸಾಲ ಕೊಟ್ಟವನಂತೆ ನೋಡಿದ್ದೇ ತಪ್ಪು, ಆತ ಆಳುವವನು ಅನ್ನುತ್ತಾನೆ. ಸಾಲಗಾರನಿಗೆ ಕೊಟ್ಟವನು ಮನ್ನಾ ಮಾಡಬಹುದು. ಆಳುವವನು ಕಾನೂನು ಸಡಿಲಿಸಬಹುದು, ಆದರೆ ಕಾನೂನಿಗೆ ಬೆಲೆಯೇ ಇಲ್ಲ ಅನ್ನುವಂತೆ ಸಡಿಲಿಸಬಾರದು. 2023ರ ಫೆಬ್ರವರಿಯಲ್ಲಿ ಬಾಕಿಯಿದ್ದ ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟದ್ದು ನೆನಪಿದೆಯಲ್ಲ? ದಂಡವನ್ನು ಪೂರ್ತಿ ಬಿಡಲಿಲ್ಲ, ಪೂರ್ತಿ ವಸೂಲಿಯೂ ಮಾಡಲಿಲ್ಲ. ಸಿಗ್ನಲ್ ಹಾರಿದ್ದು ತಪ್ಪು ಅನ್ನುವುದು ಹಾಗೇ ಉಳಿಯಿತು. ಹೋಲಿಕೆ ಒರಟು, ಆದರೆ ಗ್ರೋಷಿಯಸ್‌ನ ಲೆಕ್ಕ ಹೀಗೇ ನಡೆಯುತ್ತದೆ: ಪಾಪ ಎಷ್ಟು ಗಂಭೀರ ಅಂತ ಶಿಲುಬೆ ಎಲ್ಲರ ಕಣ್ಣೆದುರು ತೋರಿಸಿತು, ಹಾಗಾಗಿ ಕ್ಷಮೆ ಕೊಟ್ಟರೂ ಆಳ್ವಿಕೆ ಸಡಿಲವಾಗಲಿಲ್ಲ.

ಅಕ್ವಿನಾಸ್ ಇದನ್ನು ಮುನ್ನೂರು ವರ್ಷಕ್ಕೂ ಮೊದಲೇ ಬೇರೆ ಕಡೆಯಿಂದ ಮುಟ್ಟಿದ್ದ. ನ್ಯಾಯಾಧೀಶ ಅಪರಾಧವನ್ನು ಸುಮ್ಮನೆ ಬಿಡುವ ಹಾಗಿಲ್ಲ, ಯಾಕಂದರೆ ಅನ್ಯಾಯ ಆದದ್ದು ಇನ್ನೊಬ್ಬರಿಗೆ. ಆದರೆ ದೇವರ ಮೇಲೆ ಇನ್ನೊಬ್ಬ ಅಧಿಕಾರಿ ಇಲ್ಲ, ಅನ್ಯಾಯ ಆದದ್ದೂ ದೇವರಿಗೇ. ತನಗಾದದ್ದನ್ನು ತಾನೇ ಬಿಟ್ಟರೆ ಅದು ಕರುಣೆ, ಅನ್ಯಾಯವಲ್ಲ. ಕನ್ನಡಿ ನನ್ನದು, ಬಿಡುವ ಹಕ್ಕೂ ನನ್ನದು. ನಮ್ಮ ಜೊತೆ ಓದುವ ಸೆಮಿನರಿ ಬ್ರದರ್‌ಗೆ ಇದನ್ನು ಹೇಳಿದಾಗ ‘ಹಾಗಾದರೆ ಶಿಲುಬೆ ಬೇಕೇ ಇರಲಿಲ್ಲ ಅಂತೀರಾ ಅಕ್ಕಾ?’ ಅಂದರು. ಊಟದ ಬೇಕು ಇರಲಿಲ್ಲ, ಕುದುರೆಯ ಬೇಕು ಇತ್ತು ಅಂದೆ. ಅವರು ಅದನ್ನು ಬರೆದುಕೊಂಡದ್ದು ನನಗೆ ಹತ್ತು ಅಂಕ ಬಂದಷ್ಟು ಖುಷಿ.

ಕ್ಯಾಲ್ವಿನ್ ಕೊಟ್ಟ ಆಶ್ಚರ್ಯ

ಇಷ್ಟು ದಂಡ ಹೇಳುವ ಕ್ಯಾಲ್ವಿನ್ ಊಟದ ಕಡೆ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಮಧ್ಯಸ್ಥನು, ಅಂದರೆ ಕ್ರಿಸ್ತ, ದೇವರೂ ಮನುಷ್ಯನೂ ಆಗಿರಬೇಕಾದ್ದು ಯಾವ ನಿರಪೇಕ್ಷ ಅಗತ್ಯದಿಂದಲೂ ಅಲ್ಲ, ಅದು ದೇವರ ಸಂಕಲ್ಪದಿಂದ ಬಂದದ್ದು ಅನ್ನುತ್ತಾನೆ. ಅಂದರೆ ದೇವರು ಹೀಗೆ ಅಂತ ತೀರ್ಮಾನಿಸಿದ ಮೇಲೆ ಬೇಕು. ಇದನ್ನು ಮೂರನೇ ಬೇಕು ಅನ್ನಿ, ‘ಮಾತು ಕೊಟ್ಟ ಮೇಲಿನ ಬೇಕು’. ಇಂಗ್ಲೆಂಡಿನ ಪ್ಯೂರಿಟನ್ ಪಂಥದ ದೇವತಾಶಾಸ್ತ್ರಜ್ಞ ಜಾನ್ ಓವನ್ ಮೊದಲು ಇದೇ ಕಡೆ ಇದ್ದ. 1653ರಲ್ಲಿ ಮನಸ್ಸು ಬದಲಿಸಿದ. ಪಾಪವನ್ನು ಶಿಕ್ಷಿಸುವುದು ದೇವರ ಇಚ್ಛೆ ಮಾತ್ರವಲ್ಲ, ಸ್ವಭಾವ. ಕ್ಷಮಿಸಲು ಮನಸ್ಸು ಮಾಡಿದ ಮೇಲೆ ಬೇರೆ ದಾರಿಯೇ ಇಲ್ಲ ಅಂದ. ಅಷ್ಟು ಓದಿದವನೇ ದಾಟಿದ ಗೆರೆ ಅಂದರೆ ನಮಗೆ ಗೊಂದಲವಾದರೆ ನಾಚಿಕೆಯೇನಿಲ್ಲ.

12ನೇ ಶತಮಾನದ ಅಬೆಲಾರ್ಡ್‌ಗೆ ಎರಡು ಸಾಲು ಸಾಕು: ಶಿಲುಬೆ ಬದಲಿಸುವುದು ನಮ್ಮನ್ನು, ಆ ಪ್ರೀತಿ ನೋಡಿ ನಮ್ಮಲ್ಲಿ ಪ್ರೀತಿ ಹೊತ್ತಿಕೊಳ್ಳುತ್ತದೆ. ಕುದುರೆಯ ಕಡೆ. 1930ರಲ್ಲಿ ಸ್ವೀಡನ್ನಿನ ದೇವತಾಶಾಸ್ತ್ರಜ್ಞ ಔಲೆನ್ ಸಾವಿನ ಮೇಲೆ, ಸೈತಾನನ ಮೇಲೆ ಕ್ರಿಸ್ತನ ಜಯ ಅನ್ನುವ ಹಳೇ ನೋಟವನ್ನು ಮತ್ತೆ ಮುಂದಕ್ಕೆ ತಂದ. ಅವನನ್ನು ಯಾವ ಕಡೆ ಹಾಕಬೇಕು ಅಂತ ನಾನಿನ್ನೂ ತೀರ್ಮಾನಿಸಿಲ್ಲ.

ಕೊನೆಗೆ, ಉತ್ತರದಲ್ಲಿ ಬಳಸಬಹುದಾದ ಒಂದು ಜೋಡಿ ವಚನ. ಸಾಯುವ ಹಿಂದಿನ ರಾತ್ರಿ ಯೇಸು ಮಾಡಿದ ಗೆತ್ಸೆಮನೆ ತೋಟದ ಪ್ರಾರ್ಥನೆಯನ್ನು ಎರಡು ಸುವಾರ್ತೆಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಮತ್ತಾಯ 26ರಲ್ಲಿ ಯೇಸು ‘ಸಾಧ್ಯವಾದರೆ’ ಈ ಪಾತ್ರೆ (ಮುಂದೆ ಕಾದಿರುವ ಯಾತನೆ) ತೊಲಗಲಿ ಅನ್ನುತ್ತಾನೆ. ಪಾತ್ರೆ ತೊಲಗಲಿಲ್ಲ, ಹಾಗಾದರೆ ಸಾಧ್ಯವಿರಲಿಲ್ಲ ಅಂತ ಊಟದವರು ಹೇಳಬಹುದು. ಮಾರ್ಕ 14ರಲ್ಲಿ ಅದೇ ಪ್ರಾರ್ಥನೆ ಶುರುವಾಗುವುದು ‘ಅಪ್ಪಾ, ನಿನಗೆ ಎಲ್ಲವೂ ಸಾಧ್ಯ’ ಅಂತ. ಅದನ್ನು ಕುದುರೆಯವರು ಹಿಡಿದುಕೊಳ್ಳಬಹುದು. ನಾನು ಈ ಸಲ ಎರಡನ್ನೂ ಬರೆದು, ಎರಡರಲ್ಲೂ ಮುಂದಿನ ಮಾತು ಒಂದೇ ಅಂತ ಸೇರಿಸುತ್ತೇನೆ: ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ.