ಲಕ್ಷ್ಮಮ್ಮನ ಒತ್ತಕ್ಷರ ಮತ್ತು ಒಂದು ಪತ್ರ

ಆಲ್ದೂರು ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ಹೋದ ಮಳೆಗಾಲದಲ್ಲಿ ಒಂದು ಕಟ್ಟು ಬಟವಾಡೆ ಚೀಟಿ ಹಿಡಿದು ಚಿಕ್ಕಮಗಳೂರಿನಲ್ಲಿ ತಂತ್ರಾಂಶ ಮಾಡುವ ನಮ್ಮ ಆಫೀಸಿಗೆ ಬಂದರು. ಚೀಟಿ ಕನ್ನಡದಲ್ಲೇ ಬರಬೇಕೆಂದು ಹಟ ಹಿಡಿದು ನಮ್ಮಿಂದ ಮಾಡಿಸಿಕೊಂಡವರು ಅವರೇ. ಲಕ್ಷ್ಮಮ್ಮ ಎಂಬ ಕೂಲಿಯವರ ಹೆಸರು ಅದರಲ್ಲಿ ಒತ್ತುಗಳೆಲ್ಲ ಕಳಚಿ ಬಿಡಿಬಿಡಿಯಾಗಿ ಬಿದ್ದಿತ್ತು. "ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವರು ಕಣ್ರೀ ಅವರು. ಇದು ನನ್ನ ಹೆಸರಲ್ಲ ಅಂತ ಚೀಟಿ ವಾಪಸ್ ಕೊಟ್ರು" ಅಂದರು.

ಲಕ್ಷ್ಮಮ್ಮ ನಮ್ಮ ಕಣ್ಣಿಗೆ 3 ಅಕ್ಷರ. ಕಂಪ್ಯೂಟರು ಅಕ್ಷರ ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ 9 ಸಂಕೇತ: ಲ, ಕ, ಹಲಂತ (ಸ್ವರ ತೆಗೆಯುವ ಗುರುತು), ಷ, ಹಲಂತ, ಮ, ಮತ್ತೆ ಮ, ಹಲಂತ, ಮ. ಯಾವ ಒತ್ತು ಎಲ್ಲಿ ಕೂರಬೇಕೆಂಬ ನಿಯಮ ಫಾಂಟಿನೊಳಗಿರುತ್ತದೆ. ಅದನ್ನು ಓದಿ ಜೋಡಿಸುವುದು ಹಾರ್ಫ್‌ಬಜ್‌ನಂಥ ತಂತ್ರಾಂಶದ ಕೆಲಸ. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಈ ಹಾರ್ಫ್‌ಬಜ್ ಇದೆ, ಮತ್ತು ಅದು ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಚೀಟಿಯ ಪಿಡಿಎಫ್ ಮಾಡಲು ನಾವು ಬಳಸಿದ್ದ ಲೈಬ್ರರಿಯೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಓಪನ್ ಸೋರ್ಸೇ, ಆದರೆ ಜೋಡಿಸುವ ಹೆಜ್ಜೆಯನ್ನೇ ಬಿಟ್ಟು ಸಂಕೇತಗಳನ್ನು ಸಾಲಾಗಿ ಇಟ್ಟುಬಿಡುತ್ತಿತ್ತು. ಕೋಡ್ ತೆರೆದು ನೋಡಿದ್ದರಿಂದ ಇಷ್ಟು ಅರ್ಧ ದಿನದಲ್ಲಿ ಗೊತ್ತಾಯಿತು.

ಇಂಥದೇ ತೊಂದರೆ ಹಿಂದೆ ಇನ್ನೊಂದು ತೋಟದಲ್ಲಿ ಬಂದಿತ್ತು. ಅಲ್ಲಿದ್ದದ್ದು ದುಡ್ಡು ಕೊಟ್ಟು ತಂದ, ಕೋಡ್ ತೋರಿಸದ ಕ್ಲೋಸ್ಡ್ ಸೋರ್ಸ್ ತಂತ್ರಾಂಶ. ದೂರಿಗೊಂದು ನಂಬರ್ ಸಿಕ್ಕಿತು, ಮುಂದಿನ ವರ್ಷನ್‌ನಲ್ಲಿ ನೋಡೋಣ ಎಂಬ ಉತ್ತರ ಬಂತು, ಎರಡು ಕೊಯ್ಲು ಕಳೆಯಿತು. ಹಾಗೆಂದು ಅಂಥದ್ದನ್ನು ಬಳಸುವವರನ್ನು ಜರಿಯುವುದು ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತು ವರ್ಷದಿಂದ ಟ್ಯಾಲಿ ಎಂಬ ಕ್ಲೋಸ್ಡ್ ಸೋರ್ಸ್ ಲೆಕ್ಕದ ತಂತ್ರಾಂಶದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾಗದಂತೆ ಲೆಕ್ಕ ಇಟ್ಟವರಿಗೆ "ಗುಲಾಮಗಿರಿ" ಎನ್ನುವ ಹುಡುಗರನ್ನು ಕಂಡಿದ್ದೇನೆ. ಆ ಮಾತು ಕೇಳಿದರೆ ಈಗಲೂ ಸಿಟ್ಟು ಬರುತ್ತದೆ.

ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಆ ಲೈಬ್ರರಿಯವರಿಗೆ ಪತ್ರ ಬರೆದು, ಕಳಿಸುವ ಮುಂಚೆ ತೋರಿಸಿದ. ಕೋಟಿಗಟ್ಟಲೆ ಜನರ ಭಾಷೆ ಬರೆಯಲು ಬಾರದ ಕಸವನ್ನು ಯಾಕೆ ಜನರ ಮುಂದಿಡುತ್ತೀರಿ ಎಂದಿತ್ತು. "ತಪ್ಪೇನಿದೆ ಸರ್, ಇರೋದನ್ನೇ ಹೇಳಿದೀನಲ್ಲ?" ಅಂದ.

ಅವನಿಗೆ ಎಕ್ಸ್‌ಝಡ್ ಕಥೆ ಹೇಳಿದೆ. ಫೈಲು ಕುಗ್ಗಿಸುವ ಈ ಚಿಕ್ಕ ಓಪನ್ ಸೋರ್ಸ್ ತಂತ್ರಾಂಶ, ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದೆ. 2022ರಲ್ಲಿ ಯಾರೋ ಅಪರಿಚಿತರು ನೀವು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಮೇಲಿಂದ ಮೇಲೆ ಚುಚ್ಚಿ ಬರೆದರು. ನೋಡಿಕೊಳ್ಳುತ್ತಿದ್ದವರು ತಮ್ಮ ಅನಾರೋಗ್ಯ ಹೇಳಿಕೊಂಡರೂ ಚುಚ್ಚುವುದು ನಿಲ್ಲಲಿಲ್ಲ. ಸೋತ ಆ ಮನುಷ್ಯ ಸಹಾಯಕ್ಕೆಂದು ಬಂದವನೊಬ್ಬನ ಕೈಗೆ ಅಧಿಕಾರ ಕೊಟ್ಟರು. 2024ರಲ್ಲಿ ಅವನು 5.6.0 ವರ್ಷನ್‌ನೊಳಗೆ ಕಳ್ಳಬಾಗಿಲು, ಅಂದರೆ ಬೇರೆಯವರ ಸರ್ವರ್‌ಗೆ ಗುಟ್ಟಾಗಿ ನುಗ್ಗುವ ದಾರಿ, ಇಟ್ಟ. ಆ ಚುಚ್ಚುಮಾತಿನ ಪತ್ರಗಳೂ ಅದೇ ಸಂಚಿನ ಭಾಗವೆಂಬುದು ಬಲ್ಲವರ ಅಭಿಪ್ರಾಯ. ಸರ್ವರ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಇದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟ್‌ನ ಉದ್ಯೋಗಿ. ಕೋಡ್ ಯಾರು ಬೇಕಾದರೂ ತೆರೆದು ನೋಡುವಂತಿದ್ದದ್ದರಿಂದಲೇ ಅವರು ಬುಡದವರೆಗೆ ಹೋಗಲು ಆಯಿತು.

ಒರಟು ಮಾತು ಅಲ್ಲಿ ಬೀಗ ಒಡೆಯುವ ಹಾರೆಯಾಯಿತು. ಕೋಡ್ ಗಟ್ಟಿಯಿದ್ದರೆ ಮಾತು ಹೇಗಿದ್ದರೇನು ಎನ್ನುವವರು ಲಿನಕ್ಸ್ ಕಟ್ಟಿದ, ಒರಟು ಮಾತಿಗೆ ಹೆಸರಾದ ಲಿನಸ್ ಟೊರ್ವಾಲ್ಡ್ಸ್ ಹೆಸರು ಎತ್ತುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ಅವರೇ ತಮ್ಮ ಒರಟು ಪತ್ರಗಳಿಗೆ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ಉಳಿದರು.

ಹುಡುಗ ಪತ್ರವನ್ನು ಮತ್ತೆ ಬರೆದ. ಲೈಬ್ರರಿಯ ವರ್ಷನ್, ಫಾಂಟ್ ನೋಟೊ ಸಾನ್ಸ್ ಕನ್ನಡ, ತಪ್ಪು ಮರುಕಳಿಸುವ ಆರು ಸಾಲಿನ ಕೋಡ್, ಬಂದದ್ದೊಂದು ಚಿತ್ರ, ಬರಬೇಕಾದ್ದೊಂದು ಚಿತ್ರ. ಇದು ಕೂಲಿಯವರ ಬಟವಾಡೆ ಚೀಟಿ ಎಂದೂ ಒಂದು ಸಾಲು ಸೇರಿಸಿದ. ನನ್ನ ಅನುಭವದಲ್ಲಿ ಉತ್ತರ ತರುವುದು ಹೆಚ್ಚಾಗಿ ಆ ಕೊನೆಯ ಸಾಲೇ. ಕನ್ನಡ ಓದಲು ಬಾರದವರಿಗೆ ಒಡೆದ ಒತ್ತು ಕಾಣುವುದೇ ಇಲ್ಲ, ಆದರೆ ಅದರಿಂದ ಯಾರಿಗೆ ಏನಾಯಿತು ಎಂಬುದು ಅರ್ಥವಾಗುತ್ತದೆ.

ಹನ್ನೊಂದು ದಿನ ಏನೂ ಬರಲಿಲ್ಲ. ಹುಡುಗ ಚಡಪಡಿಸಿದ, ನೆನಪಿಸಿ ಬರೆಯಲಾ ಎಂದು ಎರಡು ಸಲ ಕೇಳಿದ. ಬೇಡ ಅಂದೆ. ಅವರೂ ದುಡಿದು ಮನೆಗೆ ಬಂದ ಮೇಲೆ ಇದಕ್ಕೆ ಕೂರುವವರು. ಹನ್ನೆರಡನೇ ದಿನ ಪ್ರಾಯೋಗಿಕ ತಿದ್ದುಪಡಿ ಬಂತು, ಪರೀಕ್ಷಿಸಿ ಹೇಳುತ್ತೀರಾ ಎಂಬ ಕೋರಿಕೆಯೊಂದಿಗೆ.

ಲಕ್ಷ್ಮಮ್ಮ ಸರಿಯಾಗಿ ಮೂಡಿತು. ಧರ್ಮಯ್ಯ ಎಂಬ ಇನ್ನೊಂದು ಹೆಸರಿನ ಅರ್ಕಾವೊತ್ತು ಮಾತ್ರ ಮ ಬಿಟ್ಟು ಯ ಪಕ್ಕಕ್ಕೆ ಹೋಗಿ ಕೂತಿದೆ. ಹುಡುಗ ಈಗ ಅದರ ಚಿತ್ರ ತೆಗೆದು ಎರಡನೇ ಪತ್ರ ಬರೆಯುತ್ತಿದ್ದಾನೆ. ಮೊದಲ ಸಾಲಿನಲ್ಲಿ, ಲಕ್ಷ್ಮಮ್ಮ ಈ ವಾರ ಚೀಟಿ ಓದಿಕೊಂಡು ಸಹಿ ಹಾಕಿದರು ಎಂದಿದೆ.